ಅರ್ಧ ತಾಳ ತಡ

ಬೆಲ್‌ಗ್ರೇಡ್, ೩ ಮಾರ್ಚ್ ೧೯೮೬

ನೆಸ್ಟೋರ,

ಈ ಕಾಗದವನ್ನು ನೀನು ಓದುವುದಿಲ್ಲ ಎಂದು ಗೊತ್ತು. ಆದ್ದರಿಂದ ನಿರಾಳವಾಗಿ ಬರೆಯುತ್ತಿದ್ದೇನೆ.

ನಮ್ಮ ಬೆಚೆಯ್‌ನ ಯುವಕ ಸಂಘದವರು ನನಗೆ ಬರೆದಿದ್ದಾರೆ. ತೀಸಾ ನದಿಯ ದಂಡೆಯ ಮೇಲಿರುವ ಹಳೆಯ ಸಿನಿಮಾ ಮಂದಿರವನ್ನು ಮುಚ್ಚುತ್ತಾರಂತೆ. ಬೀಗ ಹಾಕುವ ಮೊದಲು, ನವೆಂಬರ್ ಎಂಟರ ಶನಿವಾರ, ಅಲ್ಲಿ ಕಟ್ಟಕಡೆಯದಾಗಿ ನಮ್ಮ ತಂಡ ‘ಒದ್ದೆ ಬೂಟುಗಳು’ ಹಾಡಬೇಕಂತೆ. ತಂಡ ಒಡೆದು ಏಳು ವರ್ಷವಾದ ಮೇಲೂ ಅದರ ಹೆಸರನ್ನು ನೆನಪಿಟ್ಟುಕೊಂಡಿರುವ ಊರಿಗೆ ಬೇರೆ ಕೆಲಸವಿಲ್ಲ ಎಂದುಕೊಂಡೆ. ಆಮೇಲೆ ಆ ಕಾಗದವನ್ನು ಮೂರು ಸಲ ಓದಿದೆ.

ಗಿಟಾರಿನ ಅವಳಿ ಸೋದರರು ಒಪ್ಪಿದ್ದಾರೆ. ನಾನು ಸಂಘಕ್ಕೆ ಒಂದೇ ಸಾಲಿನ ಉತ್ತರ ಕಳುಹಿಸಿದ್ದೇನೆ: ಡ್ರಮ್ಮಿನ ಹಿಂದೆ ನೆಸ್ಟೋರ್ ಪುತ್ನಿಕ್ ಕೂತರೆ ಹಾಡುತ್ತೇನೆ, ಇಲ್ಲದಿದ್ದರೆ ಇಲ್ಲ.

ನನ್ನ ಸಮಾಚಾರ ನಿನಗೆ ಬೇಡ. ಆದರೂ ಹೇಳುತ್ತೇನೆ. ನಾನು ಹಾಡಿ ಎರಡು ವರ್ಷವಾಯಿತು. ಈಗ ಪ್ರತಿ ಭಾನುವಾರ ಟಿವಿಯಲ್ಲಿ ಪಾದ್ರಿಯಾಗಿ ಬರುತ್ತೇನೆ. ಕಳೆದ ಶತಮಾನದ ಒಂದು ಹಳ್ಳಿ, ಅಲ್ಲಿ ಕೋಳಿ ಕದಿಯುವ ಆದರೆ ಮನಸ್ಸು ಒಳ್ಳೆಯದಿರುವ ಪಾದ್ರಿ. ಗಡ್ಡ ನನ್ನದೇ. ಮೊನ್ನೆ ಸಂತೆಯಲ್ಲಿ ಕೆನೆ ಮಾರುವ ಅಜ್ಜಿಯೊಬ್ಬಳು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

“ಪಾದ್ರಿಗಳೇ, ನನ್ನ ಹಸು ಹಾಲು ಕಮ್ಮಿ ಮಾಡಿದೆ. ಒಂದು ಪ್ರಾರ್ಥನೆ ಹೇಳಿ.”

“ಅಜ್ಜಿ, ನಾನು ಪಾದ್ರಿ ಅಲ್ಲ. ರಾಕ್ ಹಾಡೋನು.”

“ಹೋಗ್ಲಿ ಬಿಡಿ, ಹಳೇ ಪಾಪ ಯಾರಿಗಿರಲ್ಲ?”

ಹಸುವಿನ ಹೆಸರು ಕೇಳಿಕೊಂಡು ಪ್ರಾರ್ಥನೆ ಹೇಳಿದೆ. ಅರ್ಧ ಕಿಲೋ ಕೆನೆ ಪುಕ್ಕಟೆ ಸಿಕ್ಕಿತು. ಹದಿನಾರು ವರ್ಷ ಗಂಟಲು ಹರಿದುಕೊಂಡು ಕಿರುಚಿದವನಿಗೆ ಜನ ಯಾವತ್ತೂ ಕೆನೆ ಕೊಟ್ಟಿರಲಿಲ್ಲ.

ಬರುತ್ತೀಯಾ?

ಗಾವ್ರ

*

ಬೆಚೆಯ್, ೧೯ ಮಾರ್ಚ್ ೧೯೮೬

ಮಗನೇ ಗಾವ್ರ,

ನಿನ್ನ ಕಾಗದ ನನಗೆ ಸಿಕ್ಕಿದ್ದು ಒಂದು ವಾಷಿಂಗ್ ಮೆಷಿನ್ನಿನ ಕಾಲಡಿಯಲ್ಲಿ. ದಂತವೈದ್ಯರ ಮನೆಯ ಮೆಷಿನ್ ನಮ್ಮ ನೆಸ್ಟೋರನ ಅಂಗಡಿಗೆ ರಿಪೇರಿಗೆ ಬಂದಿದೆ, ಅದರ ಒಂದು ಕಾಲು ಗಿಡ್ಡ. ಅದು ಅಲುಗಾಡದಿರಲೆಂದು ಅವನು ನಿನ್ನ ಕಾಗದವನ್ನು ಮಡಿಚಿ ಕೆಳಗೆ ತುರುಕಿದ್ದ. ಎಳೆದು ತೆಗೆದೆ.

“ಓದಿದ್ಯೇನೋ?” ಎಂದು ಕೇಳಿದೆ.

“ಎರಡು ಹಾಳೆ ಇತ್ತು. ಕಾಲಿಗೆ ಸರಿಹೋಯ್ತು,” ಎಂದ.

“ಅದಲ್ಲ ಕೇಳಿದ್ದು.”

“ಹಸುವಿಗೆ ಪ್ರಾರ್ಥನೆ ಹೇಳ್ತಾನಂತೆ, ಮಂಗ,” ಎಂದು ಸ್ಕ್ರೂಡ್ರೈವರ್ ಹುಡುಕತೊಡಗಿದ. ಸ್ಕ್ರೂಡ್ರೈವರ್ ಅವನ ಕೈಯಲ್ಲೇ ಇತ್ತು.

ಅಂದರೆ ಓದಿದ್ದಾನೆ. ಆದರೆ ಹಿಗ್ಗಬೇಡ. ಅವನ ಸಿಟ್ಟು ಇಳಿದಿಲ್ಲ, ಮತ್ತು ನಾನು ಅವನ ತಾಯಿ, ಆದ್ದರಿಂದ ಹೇಳಬೇಕಾದ್ದನ್ನು ಹೇಳುತ್ತೇನೆ. ಏಳು ವರ್ಷದ ಹಿಂದೆ ಪತ್ರಿಕೆಯವರು ನಿನ್ನನ್ನು ಕೇಳಿದರು, ‘ಒದ್ದೆ ಬೂಟುಗಳು’ ತಾಳ ಕಲಿತದ್ದೆಲ್ಲಿ ಎಂದು. ನೀನು ಹೇಳಿದೆ: “ನೆಸ್ಟೋರನ ಅಮ್ಮನ ವಾಷಿಂಗ್ ಮೆಷಿನ್ ಅವನಿಗಿಂತ ಚೆನ್ನಾಗಿ ತಾಳ ಹಾಕುತ್ತಿತ್ತು.” ಅದನ್ನು ದಪ್ಪ ಅಕ್ಷರದಲ್ಲಿ ಹಾಕಿದರು. ನೀನು ಬೆಲ್‌ಗ್ರೇಡಿನಲ್ಲಿ ನಕ್ಕು ಮರೆತೆ. ಇಲ್ಲಿ ಅವನು ಅದೇ ಮೆಷಿನ್ನುಗಳನ್ನು ರಿಪೇರಿ ಮಾಡಿ ಬದುಕುವವನು. ಬಾಗಿಲು ದಾಟಿ ಬಂದ ಗಿರಾಕಿಗಳೆಲ್ಲ “ನೆಸ್ಟೋರ, ಯಾರು ಚೆನ್ನಾಗಿ ಬಾರಿಸ್ತಾರೆ, ನೀನಾ, ಇದಾ?” ಎಂದು ಕೇಳುತ್ತಾರೆ. ಒಂದು ಸಲ ಕೇಳಿದರೆ ತಮಾಷೆ. ಏಳು ವರ್ಷ ಕೇಳಿದರೆ ಅದು ಹೆಸರಾಗಿಬಿಡುತ್ತದೆ.

ಅವನ ಡ್ರಮ್ಮುಗಳು ನೀವು ಹಾಡುತ್ತಿದ್ದ ಅದೇ ಬಾತುಕೋಳಿ ಕೊಟ್ಟಿಗೆಯಲ್ಲಿವೆ. ದೊಡ್ಡ ಡ್ರಮ್ಮಿನ ಒಂದು ಬದಿಯ ಚರ್ಮ ಹರಿದಿದೆ. ಅದರೊಳಗೆ ಒಂದು ಬಾತು ಕಾವು ಕೂತಿದೆ. ಮರಿಯಾಗುವ ತನಕ ಅದರ ಬಗ್ಗೆ ಯಾರೂ ಏನೂ ಮಾಡುವಂತಿಲ್ಲ.

ಹೊಟ್ಟೆಗೆ ಸರಿಯಾಗಿ ತಿನ್ನು. ಟಿವಿಯಲ್ಲಿ ಆ ನಿಲುವಂಗಿ ನಿನಗೆ ಜೋಲುತ್ತದೆ.

ನಿನ್ನ ಪೆರ್ಸಾ ಚಿಕ್ಕಮ್ಮ

*

ಬೆಚೆಯ್, ೬ ಮೇ ೧೯೮೬

ಶ್ರೀ ಗಾವ್ರಿಲೊ ಸ್ತೊಯ್ಷಿನ್ ಅವರಿಗೆ,

ನಿಮ್ಮ ಕಾಗದ ತಲುಪಿದೆ. ಉತ್ತರ ಕೊಡದಿದ್ದರೆ ಊಟ ಹಾಕುವುದಿಲ್ಲವೆಂದು ಅಮ್ಮ ಹೇಳಿರುವುದರಿಂದ ಬರೆಯುತ್ತಿದ್ದೇನೆ.

ಡ್ರಮ್ಮಿನಲ್ಲಿ ಆರು ಮರಿಗಳಾಗಿವೆ. ಈಗ ಅದು ಖಾಲಿಯಿದೆ. ಇದು ಮಾಹಿತಿ ಮಾತ್ರ, ಒಪ್ಪಿಗೆಯಲ್ಲ.

ನಾನು ನಿಮ್ಮ ಟಿವಿ ಕಾರ್ಯಕ್ರಮ ನೋಡುವುದಿಲ್ಲ. ಕಳೆದ ಭಾನುವಾರ ನೀವು ಕೋಳಿಯನ್ನು ಕಾಲು ಹಿಡಿದು ತಲೆಕೆಳಗಾಗಿ ಒಯ್ದಿರಿ. ಹಾಗೆ ಹಿಡಿದರೆ ಅದು ಕಿರುಚುತ್ತದೆ. ಕದಿಯುವವನು ರೆಕ್ಕೆ ಒತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾನೆ. ಇದನ್ನು ನೋಡಿದ್ದು ಅಮ್ಮ.

ನೆಸ್ಟೋರ್ ಪುತ್ನಿಕ್
ಗೃಹಯಂತ್ರಗಳ ದುರಸ್ತಿ

*

ಫ್ರುಷ್ಕಾ ಗೋರ, ೨೮ ಜೂನ್ ೧೯೮೬

ನೆಸ್ಟೋರ,

ಚಿಕ್ಕಮ್ಮ ಕೋಳಿ ಹಿಡಿದದ್ದನ್ನು ಅಷ್ಟು ಗಮನಿಸಿ ನೋಡಿದ್ದಕ್ಕೆ ಥ್ಯಾಂಕ್ಸ್ ಹೇಳು. ಈಗ ರೆಕ್ಕೆ ಒತ್ತಿ ಕಂಕುಳಲ್ಲಿಟ್ಟುಕೊಳ್ಳುತ್ತೇನೆ. ನಿರ್ದೇಶಕರು “ಇದನ್ನೆಲ್ಲ ಎಲ್ಲಿ ಕಲಿತಿ?” ಎಂದು ಬೆರಗಾದರು. “ನನಗೊಬ್ಬ ಸಲಹೆಗಾರ ಇದ್ದಾನೆ, ಬಹಳ ದುಬಾರಿ,” ಎಂದೆ.

ಈ ಗುಡ್ಡದ ಮೇಲಿನ ಮಠದ ಬಳಿ ಶೂಟಿಂಗ್ ನಡೆದಿದೆ. ಮೂರು ದಿನದಿಂದ ಮೋಡ, ಬಿಸಿಲಿಗೆ ಕಾದು ಕೂತಿದ್ದೇವೆ. ನಿಜವಾದ ಸನ್ಯಾಸಿಯೊಬ್ಬರು ಬಂದು ನನ್ನ ಗಡ್ಡವನ್ನು ನೋಡಿ, ತಮ್ಮದನ್ನು ಮುಟ್ಟಿಕೊಂಡು ಹೋದರು. ಹಾಗಾಗಿ ಬರೆಯಲು ಸಮಯವಿದೆ.

ನಾನು ನಟನಾದದ್ದು ಹೇಗೆ ಎಂದು ನಿನಗೆ ಯಾರೂ ಹೇಳಿರಲಾರರು. ಮೊದಲ ಸಿನಿಮಾದಲ್ಲಿ ನನ್ನದು ಹೆಣದ ಪಾತ್ರ. ಹಾಡುವವನು, ಉಸಿರು ಹಿಡಿಯಬಲ್ಲ ಎಂದು ಆರಿಸಿದರು. ಮೂರು ನಿಮಿಷ ಮೇಜಿನ ಮೇಲೆ ಮಲಗಿದ್ದೆ, ಹೆಂಡತಿಯ ಪಾತ್ರದವಳು ನನ್ನ ಮೇಲೆ ಬಿದ್ದು ಅತ್ತಳು, ಮೂಗಿನ ಮೇಲೆ ನೊಣ ಕೂತಿತು, ನಾನು ಅಲುಗಲಿಲ್ಲ. ಅದಾದ ಮೇಲೆ ಬದುಕಿರುವವರ ಪಾತ್ರಗಳು ಸಿಗತೊಡಗಿದವು. ಮಾತಿರುವ ಮೊದಲ ಪಾತ್ರ ಒಬ್ಬ ದೋಣಿಕಾರನದು. ನಾನು ಒಂದು ಸಾಲು ಹೇಳುವ ಮುಂಚೆ ಸ್ವಲ್ಪ ನಿಂತೆ. ನಿರ್ದೇಶಕರು ಕ್ಯಾಮೆರಾ ನಿಲ್ಲಿಸಿ, “ಆ ಮೌನ! ಎಂಥಾ ಮೌನ ಅದು!” ಎಂದರು. ಅಂದಿನಿಂದ ನನಗೆ ಆ ಮೌನಕ್ಕೇ ಸಂಬಳ. ವಿಮರ್ಶಕರು ಅದರಲ್ಲಿ ಬಯಲುಸೀಮೆಯ ದುಃಖ ಕಂಡಿದ್ದಾರೆ.

ನಾನು ಯಾಕೆ ನಿಲ್ಲುತ್ತೇನೆ ಎಂಬುದು ನಿನಗೆ ಮಾತ್ರ ಗೊತ್ತು. ನಿನ್ನ ಪೆಟ್ಟು ಬೀಳಲಿ ಎಂದು. ನಾನು ಹುಟ್ಟಿದಂದಿನಿಂದ ಅರ್ಧ ತಾಳ ತಡ. ಶಾಲೆಗೆ ತಡ, ಹಾಡಿಗೆ ತಡ. ನಾನು ಬಾಯಿ ತೆರೆಯುವ ತನಕ ನೀನು ಕೋಲನ್ನು ಗಾಳಿಯಲ್ಲೇ ಹಿಡಿದಿರುತ್ತಿದ್ದೆ. ಈಗ ಪ್ರತಿ ಮಾತಿಗೆ ಮುಂಚೆ ನಿಂತು ಕಾಯುತ್ತೇನೆ, ಪೆಟ್ಟು ಬೀಳುವುದಿಲ್ಲ, ಸರಿ ಎಂದುಕೊಂಡು ಮಾತಾಡುತ್ತೇನೆ. ಬೆಲ್‌ಗ್ರೇಡಿನ ಒಬ್ಬ ಡ್ರಮ್ಮರನ ಜತೆ ಎರಡು ವರ್ಷದ ಹಿಂದೆ ಹಾಡಲು ಹೋಗಿದ್ದೆ.

“ಅಣ್ಣಾ, ನೀವು ಲೇಟು,” ಎಂದ ಅವನು.

“ನಾನು ಬೆಚೆಯ್‌ನವನು,” ಎಂದೆ.

“ಹಾಗಾದ್ರೆ ನಿನ್ನೆನೇ ಹೊರಡ್ಬೇಕಿತ್ತು.”

ಅವತ್ತೇ ಹಾಡುವುದನ್ನು ಬಿಟ್ಟೆ.

ಪತ್ರಿಕೆಯಲ್ಲಿ ಬಂದ ಆ ಮಾತಿಗೆ ಇನ್ನೊಂದು ಅರ್ಧ ಇತ್ತು. ನಾನು ಹೇಳಿದ್ದು: “ಮೆಷಿನ್ ಅವನಿಗಿಂತ ಚೆನ್ನಾಗಿ ತಾಳ ಹಾಕುತ್ತಿತ್ತು. ಆದರೆ ಅದು ಯಾರಿಗೂ ಕಾಯುತ್ತಿರಲಿಲ್ಲ, ನೆಸ್ಟೋರ ನನಗಾಗಿ ಕಾಯುತ್ತಿದ್ದ.” ಜಾಗ ಸಾಲದೆ ಎರಡನೆಯ ಸಾಲನ್ನು ಕತ್ತರಿಸಿದರು. ಇದನ್ನು ಹೇಳಲು ಹೊರಟಾಗಲೆಲ್ಲ ಕತೆ ಕಟ್ಟಿದಂತೆ ಕೇಳಿಸಿತು. ಈಗಲೂ ಹಾಗೇ ಕೇಳಿಸುತ್ತಿದೆ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ಅಕ್ಟೋಬರ್ ಮೂವತ್ತೊಂದು ನಿಮ್ಮ ಮನೆಯ ಸ್ಲಾವ, ಸಂತ ಲೂಕನ ದಿನ. ಆವತ್ತು ಬಂದರೆ ಎದುರಿಗೇ ಕೂತು ಮಾತಾಡಬಹುದು. ಒಂದು ಮಾತು ಕರೆದು ಬರೆದುಬಿಡು. ನೀನು ಕರೆದರೆ ಖಂಡಿತ ಬರುತ್ತೇನೆ.

ಬಿಸಿಲು ಬಂತು. ಕೂಗುತ್ತಿದ್ದಾರೆ.

ಗಾವ್ರ

*

ಬೆಚೆಯ್, ೧೫ ಸೆಪ್ಟೆಂಬರ್ ೧೯೮೬

(ದಪ್ಪ ಕಾಗದ, ಚಿನ್ನದ ಅಂಚು, ಅಚ್ಚು ಹಾಕಿಸಿದ್ದು)

ಪುತ್ನಿಕ್ ಕುಟುಂಬವು
ಗೌರವಾನ್ವಿತ ಕಲಾವಿದರಾದ
ಶ್ರೀ ಗಾವ್ರಿಲೊ ಸ್ತೊಯ್ಷಿನ್ ಅವರನ್ನು
ತಮ್ಮ ಮನೆಯ ಸಂತ ಲೂಕನ ಹಬ್ಬಕ್ಕೆ
ಆದರಪೂರ್ವಕವಾಗಿ ಆಹ್ವಾನಿಸುತ್ತದೆ.

ದಿನಾಂಕ: ೩೧ ಅಕ್ಟೋಬರ್, ಶುಕ್ರವಾರ, ಮಧ್ಯಾಹ್ನ ಒಂದು ಗಂಟೆಗೆ.
ಬರುವುದನ್ನು ಮುಂಚಿತವಾಗಿ ತಿಳಿಸತಕ್ಕದ್ದು.
ಕುರ್ಚಿಯನ್ನು ಕಾದಿರಿಸಲಾಗುವುದು.

ನೆಸ್ಟೋರ್ ಪುತ್ನಿಕ್

*

ಬೆಚೆಯ್, ೨೨ ಸೆಪ್ಟೆಂಬರ್ ೧೯೮೬

ಗಾವ್ರ,

ನಾನು ಎರಡು ಕತ್ತೆಗಳನ್ನು ಸಾಕಿದ್ದೇನೆ ಎಂಬುದು ನಿನ್ನೆ ಗೊತ್ತಾಯಿತು.

ಪ್ರೆಸ್ಸಿನ ಯಜಮಾನ ಚರ್ಚಿನ ಮುಂದೆ ಸಿಕ್ಕಿ, “ಪೆರ್ಸಿದಾ, ನಿಮ್ಮ ಮನೇಲಿ ಯಾರಿಗೇನಾಯ್ತು?” ಎಂದು ಕೇಳಿದ. ಏನಾಗಿಲ್ಲವಲ್ಲ ಎಂದೆ. ಆಗ ಎಲ್ಲವನ್ನೂ ಹೇಳಿದ. ನೆಸ್ಟೋರ ಅವನ ಬಳಿ ಹೋಗಿ ಒಂದು ಕಾರ್ಡ್ ಅಚ್ಚು ಹಾಕಿಸಬೇಕು ಎಂದನಂತೆ.

“ಎಷ್ಟು ಕಾರ್ಡು?”

“ಒಂದು.”

“ಒಂದೇ? ಯಾರ ಮದುವೆಯಪ್ಪಾ?”

“ಮದುವೆ ಅಲ್ಲ. ಸ್ಲಾವಕ್ಕೆ.”

ಪ್ರೆಸ್ಸಿನವನು ಕನ್ನಡಕ ತೆಗೆದಿಟ್ಟು, “ಸ್ಲಾವಕ್ಕೆ ಕಾರ್ಡಾ? ಯಾರ ಮೇಲಪ್ಪಾ ಅಷ್ಟೊಂದು ಸಿಟ್ಟು?” ಎಂದನಂತೆ.

ಮನೆಗೆ ಬಂದು ಆ ನಲವತ್ತು ವರ್ಷದ ಗಂಡಸಿನ ಕಿವಿ ಹಿಡಿದೆ. ನಮ್ಮ ಮನೆಯಲ್ಲಿ ಅವನ ತಾತನ ಕಾಲದಿಂದ ಸಂತನ ದಿನಕ್ಕೆ ಯಾರೂ ಯಾರನ್ನೂ ಕರೆದಿಲ್ಲ. ಯಾರ ಮನೆಯಲ್ಲೂ ಕರೆಯುವುದಿಲ್ಲ. ದೀಪ ಹಚ್ಚುತ್ತೇವೆ, ಬಾಗಿಲು ತೆರೆದಿಡುತ್ತೇವೆ, ಬರುವವರು ಬರುತ್ತಾರೆ. ಕರೆದರೆ ಮಾತ್ರ ಬರುವವನು ಹೊರಗಿನವನು. ಅವನು ನಿನಗೆ ಕಾರ್ಡ್ ಕಳುಹಿಸಿದ್ದು ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಅದನ್ನೇ ಹೇಳಿದೆ.

ಅವನು ಏನೆಂದ ಗೊತ್ತೇ? “ಅಮ್ಮಾ, ಮೊದಲು ಕೇಳಿದ್ದು ಯಾರು? ‘ಕರೆದರೆ ಬರ್ತೀನಿ’ ಅಂತ ಬರ್ದಿದ್ದು ಅವನು. ನಮ್ಮ ಮನೆ ಸ್ಲಾವಕ್ಕೆ! ಅವನು! ಹೊರಗಿನವನು ಅಂತ ಅವನೇ ಬರ್ಕೊಟ್ಟ ಮೇಲೆ, ನಾನು ಚಿನ್ನದ ಅಂಚು ಹಾಕಿಸ್ದೆ, ಅಷ್ಟೇ.”

ಆಮೇಲೆ ನಿನ್ನ ಜೂನಿನ ಕಾಗದವನ್ನು ತಂದು ಮೇಜಿನ ಮೇಲಿಟ್ಟ. ಅದು ಯಾವ ಮೆಷಿನ್ನಿನ ಕಾಲಡಿಗೂ ಹೋಗಿಲ್ಲ. ಅವನ ಕೋಟಿನ ಜೇಬಿನಲ್ಲಿತ್ತು. ಓದಿದೆ. ಕಾಯುವ ವಿಷಯ ಬರೆದಿದ್ದೀಯಲ್ಲ, ಅದನ್ನು ಎರಡು ಸಲ ಓದಿದೆ. ಕೊನೆಗೆ ಆ ‘ಕರೆದು ಬರೆದುಬಿಡು’ ಬಂತು. ಬೆಲ್‌ಗ್ರೇಡಿನಲ್ಲಿ ನಿನಗೆ ಏನು ಕುಡಿಸುತ್ತಾರೆ ಮಗನೇ? ಎಂಟು ವರ್ಷದವನಿದ್ದಾಗ ನಿನ್ನನ್ನು ಯಾರು ಕರೆದಿದ್ದರು? ಬೇಯಿಸಿದ ಗೋಧಿಯ, ಆಕ್ರೋಟಿನ ವಾಸನೆ ಹಿಡಿದು ಬಂದೆ, ಮೇಜಿನ ಕೆಳಗೆ ನೆಸ್ಟೋರನ ಪಕ್ಕ ಕೂತೆ, ಆಮೇಲೆ ಪ್ರತಿ ವರ್ಷ ಬಂದೆ. ಸಿಟ್ಟಿದ್ದವನು ಅವನು. ಈ ಏಳು ವರ್ಷ ಬರಬೇಡ ಎಂದು ನಾನು ಹೇಳಿದ್ದೆನೇ?

ನಾನು ನಿನ್ನನ್ನು ಕರೆಯುತ್ತಿಲ್ಲ. ಈ ಕಾಗದದಲ್ಲಿ ಎಲ್ಲಾದರೂ ಕರೆದಂತೆ ಕಂಡರೆ ಅದು ನಿನ್ನ ಕಣ್ಣಿನ ದೋಷ.

ಪೆರ್ಸಾ

*

ಬೆಲ್‌ಗ್ರೇಡ್, ೧೪ ಅಕ್ಟೋಬರ್ ೧೯೮೬

ಪುತ್ನಿಕ್ ಕುಟುಂಬಕ್ಕೆ,

ತಾವು ಕಳುಹಿಸಿದ ಆಹ್ವಾನ ಪತ್ರಿಕೆ ತಲುಪಿದೆ. ಗೌರವಾನ್ವಿತ ಕಲಾವಿದರಾದ ಶ್ರೀ ಗಾವ್ರಿಲೊ ಸ್ತೊಯ್ಷಿನ್ ಅವರಿಗೆ ಆ ದಿನ ಶೂಟಿಂಗ್ ಇರುವುದರಿಂದ ಬರಲಾಗುತ್ತಿಲ್ಲ ಎಂದು ತಿಳಿಸಲು ವಿಷಾದಿಸುತ್ತೇವೆ. ಅವರಿಗಾಗಿ ಕಾದಿರಿಸಿದ ಕುರ್ಚಿಯನ್ನು ಬೇರೆಯವರಿಗೆ ಕೊಡಬಹುದು. ಪತ್ರಿಕೆಯನ್ನು ಇದರೊಂದಿಗೆ ಹಿಂದಿರುಗಿಸಿದ್ದೇವೆ.

ಕಲಾವಿದರ ಪರವಾಗಿ,
ಕಾರ್ಯದರ್ಶಿ

*

ಬೆಚೆಯ್, ೨ ನವೆಂಬರ್ ೧೯೮೬

ತಂಗಿ ದಾರಿಂಕಾ,

ನಿನ್ನ ಕಾಲು ಹೇಗಿದೆ? ಪ್ಲಾಸ್ಟರ್ ತೆಗೆಯುವ ಮೊದಲು ನಡೆಯಬೇಡ. ನಮ್ಮ ಮನೆಯ ಸಂತನ ದಿನಕ್ಕೆ ನೀನು ಬಾರದೆ ಇದ್ದದ್ದು ಇದೇ ಮೊದಲು, ಅದೂ ಇಂಥ ವರ್ಷ. ಆದ್ದರಿಂದ ಎಲ್ಲವನ್ನೂ ಬರೆಯುತ್ತೇನೆ.

ಗಾವ್ರನ ವಿಷಯ ನಿನಗೆ ಗೊತ್ತು. ಕಾರ್ಡ್ ಕಳುಹಿಸಿದ ಕತೆಯನ್ನೂ ಹೇಳಿದ್ದೇನೆ. ಅದಕ್ಕೆ ಅವನ ‘ಕಾರ್ಯದರ್ಶಿ’ಯಿಂದ ಉತ್ತರ ಬಂತು, ಬರಲಾಗುವುದಿಲ್ಲ ಎಂದು. ಅಕ್ಷರ ಅವನದೇ, ಮೂರನೆಯ ತರಗತಿಯಿಂದ ಆ ಕೋಳಿಕಾಲನ್ನು ಬಲ್ಲೆ. ನನಗೆ ಅವನ ಆಟ ಅರ್ಧ ಅರ್ಥವಾಯಿತು. ನೆಸ್ಟೋರನಿಗೆ ಆಗಲಿಲ್ಲ. ಯುವಕ ಸಂಘದವರು ಬಂದು “ಎಂಟನೇ ತಾರೀಖು ಇದೆಯೋ ಇಲ್ವೋ?” ಎಂದು ಕೇಳಿದರೆ, “ದೊಡ್ಡವರನ್ನ ಕೇಳಿ,” ಎಂದ. ಆದರೆ ಡ್ರಮ್ಮಿಗೆ ಹೊಸ ಚರ್ಮ ಹಾಕಿಸಿದ್ದ. ಅದನ್ನು ನಾನು ನೋಡಿಲ್ಲ ಎಂದುಕೊಂಡಿದ್ದಾನೆ.

ಶುಕ್ರವಾರವಾದ್ದರಿಂದ ಮಾಂಸವಿಲ್ಲ. ತೀಸಾದ ಎರಡು ದೊಡ್ಡ ಮೀನು ತಂದು ಕೆಂಪು ಸಾರು ಮಾಡಿದೆ, ಗಸಗಸೆಯ ಸುರುಳಿ ಮಾಡಿದೆ. ಇಪ್ಪತ್ತಕ್ಕೂ ಹೆಚ್ಚು ಜನ. ಪಾದ್ರಿಗಳಿಗೆ ಜ್ವರ, ‘ಹಬ್ಬದ ರೊಟ್ಟಿಯನ್ನು ಮನೆಯವರೇ ಮುರಿಯಿರಿ’ ಎಂದು ಹೇಳಿ ಕಳುಹಿಸಿದ್ದರು. ಸರಿ, ಮುರಿಯಬೇಕಲ್ಲ? ನೆಸ್ಟೋರ ಮುರಿಯಲೊಲ್ಲ. ಒಂದು ಗಂಟೆಯಾಯಿತು, ಎರಡಾಯಿತು. ಎಮಿಲಿಯಾ ದೊಡ್ಡಮ್ಮ ಕುರ್ಚಿಯಿಂದಲೇ ಕೂಗಿದಳು:

“ನೆಸ್ಟೋರಾ, ನನಗೆ ಎಂಬತ್ತೆಂಟು. ರೊಟ್ಟಿ ಈ ವರ್ಷವೇ ಮುರೀತೀಯಾ?”

“ಬತ್ತಿ ಸರಿಯಾಗಿ ಉರೀತಾ ಇಲ್ಲ ದೊಡ್ಡಮ್ಮ. ಇನ್ನು ಸ್ವಲ್ಪ.”

ಬತ್ತಿ ಚೆನ್ನಾಗೇ ಉರಿಯುತ್ತಿತ್ತು. ಅವನು ಮನೆಯ ಯಜಮಾನ, ಆವತ್ತು ಕೂರುವ ಹಾಗಿಲ್ಲ. ನಿಂತು ಬಡಿಸುತ್ತಿದ್ದ, ಆದರೆ ಬೀದಿಯ ಕಡೆಯ ಕಿಟಕಿಯ ಪಕ್ಕದವರಿಗೆ ಮಾತ್ರ. ಅವರ ಗ್ಲಾಸು ಖಾಲಿಯಾಗಲು ಬಿಡಲಿಲ್ಲ. ಉಳಿದವರು ಬಾಯಾರಿ ಕೂತಿದ್ದರು.

ಮೂರು ದಾಟಿರಬೇಕು. ಬಾಗಿಲಲ್ಲಿ ಒಬ್ಬ ಪಾದ್ರಿ ಬಂದು ನಿಂತ. ಉದ್ದ ಗಡ್ಡ, ಕಪ್ಪು ನಿಲುವಂಗಿ, ಕಂಕುಳಲ್ಲಿ ಒಂದು ದೊಡ್ಡ ಪೊಟ್ಟಣ. ಎಲ್ಲರೂ ಎದ್ದು ನಿಂತರು. ಎಮಿಲಿಯಾ ದೊಡ್ಡಮ್ಮ ಊರುಗೋಲು ಬಿಟ್ಟು ಹೋಗಿ ಕೈಗೆ ಮುತ್ತಿಟ್ಟಳು. ಪಾದ್ರಿ ಅವಳ ತಲೆ ಮುಟ್ಟಿ, “ಹಸು ಹೇಗಿದೆ ಅಜ್ಜಿ?” ಎಂದ. ಆಗ ನನಗೆ ಗೊತ್ತಾಯಿತು. ಕೈಯಲ್ಲಿದ್ದ ಒರೆಸುವ ಬಟ್ಟೆಯಿಂದ ಬೆನ್ನಿಗೆ ಎರಡು ಬಿಟ್ಟೆ.

ಶೂಟಿಂಗ್ ಮುಗಿದೊಡನೆ ಬಟ್ಟೆ ಬದಲಿಸಲೂ ನಿಲ್ಲದೆ ಬಸ್ ಹತ್ತಿದ್ದನಂತೆ. ನೋವಿ ಸಾದ್ ದಾಟುವಷ್ಟರಲ್ಲಿ ಇಬ್ಬರು ತಮ್ಮ ಪಾಪಗಳನ್ನು ಅವನಿಗೆ ಹೇಳಿಕೊಂಡರಂತೆ. “ಒಬ್ಬಳದು ಚೆನ್ನಾಗಿತ್ತು ಚಿಕ್ಕಮ್ಮ, ಆಮೇಲೆ ಹೇಳ್ತೀನಿ,” ಎಂದ.

ಅಷ್ಟರಲ್ಲಿ ನೆಸ್ಟೋರ ಬಾಗಿಲಿಗೆ ಬಂದ. ನನಗೆ ಹೆದರಿಕೆಯಾಯಿತು ದಾರಿಂಕಾ, ಸುಳ್ಳು ಹೇಳುವುದಿಲ್ಲ. ಅವನೇನಾದರೂ ಒಂದು ಒರಟು ಮಾತಾಡಿದ್ದರೆ ಈ ಮನೆಯಲ್ಲಿ ಆ ಹುಡುಗನನ್ನು ಮತ್ತೆ ನೋಡುತ್ತಿರಲಿಲ್ಲ.

“ನೀನು ಬರಲ್ಲ ಅಂತ ಬರ್ದಿದ್ರಲ್ಲ,” ಎಂದ ನೆಸ್ಟೋರ.

ಗಾವ್ರ, ಟಿವಿಯಲ್ಲಿ ನಿಲ್ಲುತ್ತಾನಲ್ಲ, ಹಾಗೆ ನಿಂತ. ನೆಸ್ಟೋರನೂ ಕಾದ.

“ಕರೆದಿದ್ದೋನು ಬಂದಿಲ್ಲ,” ಎಂದ ಗಾವ್ರ. “ಅವನು ದೊಡ್ಡ ಮನುಷ್ಯ, ಅವನಿಗೆ ಶೂಟಿಂಗು. ನಾನು ಸುಮ್ನೆ ಬಂದೆ. ದೀಪ ಕಾಣಿಸ್ತು.”

ನೆಸ್ಟೋರನ ಮೂಗು ಕೆಂಪಾಯಿತು. ಒಳಗೆ ಹೋಗಿ ಬೇಯಿಸಿದ ಗೋಧಿಯ ತಟ್ಟೆ ತಂದು ಅವನ ಮುಂದೆ ಹಿಡಿದ. ಗಾವ್ರ ಶಿಲುಬೆಯ ಗುರುತು ಮಾಡಿ ಒಂದು ಚಮಚ ತಿಂದ.

“ಆ ಪೊಟ್ಟಣದಲ್ಲೇನು?” ಎಂದು ನೆಸ್ಟೋರ ಕೇಳಿದ.

“ಸುಟ್ಟ ಹಂದಿಮರಿ. ದಾರೀಲಿ ತಗೊಂಡೆ.”

“ಶುಕ್ರವಾರ!” ಎಂದು ನೆಸ್ಟೋರ ಮನೆಯೆಲ್ಲ ಕೇಳುವಂತೆ ಕೂಗಿದ. “ನೋಡ್ರಪ್ಪಾ, ದೇಶಕ್ಕೆಲ್ಲಾ ಪಾದ್ರಿ, ಶುಕ್ರವಾರ ಹಂದಿಮರಿ ಹೊತ್ಕೊಂಡು ಬಂದಿದ್ದಾನೆ!”

ಏಳು ವರ್ಷದ ಮೇಲೆ ಅವನು ಹಾಗೆ ನಕ್ಕದ್ದನ್ನು ಕೇಳಿದೆ. ಹಂದಿಮರಿಯನ್ನು ನೆಲಮಾಳಿಗೆಗೆ ಕಳುಹಿಸಿದೆವು. ಮರುದಿನ ಬೆಳಗಿನ ತಿಂಡಿಗೆ ಅದು ಬಹಳ ಚೆನ್ನಾಗಿತ್ತು.

ಆಮೇಲೆ ರೊಟ್ಟಿ. ಗಾವ್ರ, ನೆಸ್ಟೋರ, ನಾನು ಮೂವರೂ ಹಿಡಿದು ತಿರುಗಿಸಿದೆವು, ನೆಸ್ಟೋರ ವೈನ್ ಹೊಯ್ದ, ಹಾಡು ಎತ್ತಿದ. ಗಾವ್ರ ಸೇರಬೇಕಾದ ಕಡೆ ಸೇರಲಿಲ್ಲ, ಎಂದಿನಂತೆ ತಡ. ನನ್ನ ಮಗ ಬಾಯಿ ತೆರೆದವನು ಹಾಗೇ ನಿಂತ, ಬೆರಳನ್ನು ಮೇಜಿನ ಮೇಲೆ ಎತ್ತಿ ಹಿಡಿದ, ಗಾವ್ರ ಬಂದ ಮೇಲೆ ಇಳಿಸಿದ. ಬೇರೆ ಯಾರೂ ಗಮನಿಸಲಿಲ್ಲ. ನಾನು ಆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಷ್ಟು ವರ್ಷ ಕೇಳಿದ್ದೇನೆ, ನನಗೆ ಗೊತ್ತಾಗುತ್ತದೆ.

ಉಳಿದ ಹೊತ್ತು ಗಾವ್ರ ಕೂರಲೇ ಇಲ್ಲ. ನಿಲುವಂಗಿಯ ತೋಳು ಮಡಿಚಿಕೊಂಡು, ಬ್ರಾಂದಿಯ ಬಾಟಲಿ ಹಿಡಿದು, ನೆಸ್ಟೋರನ ಜತೆ ನಿಂತೇ ಬಡಿಸಿದ. ಅತಿಥಿಗಳು ಕೂರುತ್ತಾರೆ. ಮನೆಯವರು ನಿಲ್ಲುತ್ತಾರೆ. ಕಾದಿರಿಸಿದ್ದ ಕುರ್ಚಿಯ ಮೇಲೆ ಕೋಟುಗಳ ರಾಶಿ ಬಿದ್ದಿತ್ತು.

ಎಂಟನೇ ತಾರೀಖಿಗೆ ನಾನೂ ಸಿನಿಮಾ ಮಂದಿರಕ್ಕೆ ಹೋಗುತ್ತೇನೆ. ಕಿವಿಗೆ ಹತ್ತಿ ಇಟ್ಟುಕೊಂಡು. ನೆಸ್ಟೋರ ಇವತ್ತು ನನ್ನ ಹಳೆಯ ವಾಷಿಂಗ್ ಮೆಷಿನ್ನನ್ನು ಕೊಟ್ಟಿಗೆಯಿಂದ ಹೊರಗೆ ಎಳೆದು ಒರೆಸುತ್ತಿದ್ದಾನೆ. ಯಾಕೆಂದು ಕೇಳಿದರೆ ಇಬ್ಬರೂ ಶಿಳ್ಳೆ ಹಾಕುತ್ತಾರೆ.

ನಿನ್ನ ಅಕ್ಕ ಪೆರ್ಸಾ

*

ಬೆಚೆಯ್, ೯ ಅಕ್ಟೋಬರ್ ೧೯೮೭

ಗಾವ್ರ,

ಸಿನಿಮಾದಲ್ಲಿ ನಿನಗೆ ಡ್ರಮ್ಮರನ ಪಾತ್ರ ಸಿಕ್ಕಿದೆ ಎಂದು ಬರೆದಿದ್ದೀಯ. ದೇವರು ಪ್ರೇಕ್ಷಕರನ್ನು ಕಾಪಾಡಲಿ. ಕೋಲು ಹಿಡಿಯುವುದನ್ನು ಕಲಿಸಲು ಅಡ್ಡಿಯಿಲ್ಲ, ಆದರೆ ನೀನೇ ಕಾಯುವವನಾಗಬೇಕಲ್ಲ, ಅದು ನಿನ್ನಿಂದ ಆಗುತ್ತದೆಯೇ? ಮೊದಲು ಅದನ್ನು ಅಭ್ಯಾಸ ಮಾಡು. ಬಸ್ಸಿಗೆ ಹತ್ತು ನಿಮಿಷ ಮುಂಚೆ ಹೋಗಿ ನಿಲ್ಲು.

ಕೋಳಿ ಕದಿಯುವ ಪಾದ್ರಿ ಮುಗಿದದ್ದು ಅಮ್ಮನಿಗೆ ಬೇಸರ. ಈಗ ಭಾನುವಾರ ಏನು ನೋಡುವುದು ಎನ್ನುತ್ತಾಳೆ. ನನಗೂ ಬೇಸರ, ಇನ್ನು ಬಚ್ಚಿಡುವುದಿಲ್ಲ. ಒಂದೂ ಬಿಡದೆ ನೋಡಿದ್ದೇನೆ.

ಸಿನಿಮಾ ಮಂದಿರಕ್ಕೆ ಬೀಗ ಬಿದ್ದಿದೆ, ಆದರೆ ಊರು ಇನ್ನೂ ಆ ಶನಿವಾರದ ಮಾತಾಡುತ್ತದೆ. ಅಮ್ಮನ ಮೆಷಿನ್ನನ್ನು ವೇದಿಕೆಗೆ ತಂದು ಚಾಲೂ ಮಾಡಿದಾಗ ಜನ ನಕ್ಕದ್ದು ನೆನಪಿದೆಯಲ್ಲ? ನಾನು ಅದರ ಜತೆಗೇ ಬಾರಿಸಿದೆ, ಸರಿಸಮ. ಆಮೇಲೆ ನೀನು ಹಾಡಬೇಕಾಯಿತು, ನೀನು ತಡ. ಮೆಷಿನ್ ಗಡಗಡ ಅಂತ ಮುಂದೆ ಹೋಯಿತು, ನಾನು ಕೋಲು ಎತ್ತಿ ನಿಂತೆ. ಆಗ ನಗು ನಿಂತಿತು. ಆವತ್ತಿನಿಂದ ಅಂಗಡಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಮೊನ್ನೆ ದಂತವೈದ್ಯರ ಹೆಂಡತಿ ಬಂದಿದ್ದರು. “ನೆಸ್ಟೋರ, ಇದು ನೀರು ಬರೋ ತನಕ ಕಾಯಲ್ಲ. ಸ್ವಲ್ಪ ನಿನ್ನ ಹಾಗೆ ಮಾಡ್ಕೊಡು,” ಎಂದರು. ಕಾಸು ತೆಗೆದುಕೊಳ್ಳದೆ ಮಾಡಿಕೊಟ್ಟೆ.

ದೊಡ್ಡ ಡ್ರಮ್ಮನ್ನು ಮತ್ತೆ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ಬಾತು ಬಂದು ನೋಡಿ ಹೋಗುತ್ತದೆ, ಹೊಸ ಚರ್ಮ ಅದಕ್ಕೆ ಹಿಡಿಸಿಲ್ಲ.

ಎಮಿಲಿಯಾ ದೊಡ್ಡಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ನೀನು ನಿಜವಾದ ಪಾದ್ರಿಯಲ್ಲ ಎಂದು ಇನ್ನೂ ಅವಳಿಗೆ ಯಾರೂ ಹೇಳಿಲ್ಲ. ಕಳೆದ ವರ್ಷ ನೀನು ತಲೆ ಮುಟ್ಟಿದ ಮೇಲೆ ಮಂಡಿನೋವು ಹೋಯಿತಂತೆ.

ಮೂವತ್ತೊಂದು ಈ ಸಲ ಶನಿವಾರ. ಹಂದಿಮರಿಗೆ ಅಡ್ಡಿಯಿಲ್ಲ.

ನಿನ್ನನ್ನು ಕರೆಯುತ್ತಿಲ್ಲ.

ನೆಸ್ಟೋರ